ತಿಕೋಟಾಕ್ಕೆ ಬೆಳಕು ಬರುವ ಹೊತ್ತು

ಒಣದ್ರಾಕ್ಷಿಯ ಪೊಟ್ಟಣ ಬಿಚ್ಚಿದರೆ ಈಗಲೂ ತಿಕೋಟಾದ ಆ ಮಧ್ಯಾಹ್ನವೇ ಮೂಗಿಗೆ ಬಡಿಯುತ್ತದೆ.

ಅಜ್ಜಿಯೂ ನಾನೂ ಪಡಸಾಲೆಯಲ್ಲಿ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದೆವು. ಕೈಯೆಲ್ಲ ಅಂಟು. ಬಸ್ಸಿನಲ್ಲಿ ಒಂದು ತಾಸಿನ ದಾರಿಯ ಜಲನಗರದಿಂದ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗಳು ಮಾತ್ರ ಕೈ ತೊಳೆದು ಕೂತು ಪಾಠ ಹೇಳುತ್ತಿದ್ದಳು.

“ಆಕಾಶದಾಗಿನ ಚುಕ್ಕಿ ದೂರ ಕಿಲೋಮೀಟರದಾಗ ಅಳಿಯೂದಿಲ್ಲ ಅಜ್ಜಿ. ಬೆಳಕು ಬರಾಕ ಎಷ್ಟು ವರ್ಷ ಹಿಡೀತೈತಿ ಅಂತ ಲೆಕ್ಕ ಹಾಕ್ತಾರ.”

ನನಗೂ ಗೊತ್ತಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ.

“ಶಾಣ್ಯಾಕಿ ನನ್ನವ್ವ. ಜಲನಗರದಿಂದ ಇಲ್ಲಿಗೆ ಬೆಳಕು ಬರಾಕ ಎಷ್ಟೊತ್ತು ಬೇಕ?” ಎಂದಳು ಅಜ್ಜಿ.

“ಕಣ್ಣು ಮುಚ್ಚಿ ತೆಗಿಯೂದ್ರಾಗ ಬಂದಿರತೈತಿ.”

“ಮತ್ತ ನಿನಗ ಬರಾಕ ವರ್ಷ ಯಾಕ ಹಿಡೀತೈತಿ, ಯವ್ವಾ?”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬಂಗಾರ ಬಣ್ಣದ ದ್ರಾಕ್ಷಿಯನ್ನೆಲ್ಲ ಅವಳ ಚೀಲಕ್ಕೆ ತುಂಬಿದಳು.

ದಿನವೂ ಅಜ್ಜಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದ ನಾನು, ಅವರಿಬ್ಬರೂ ಒಳಗೆ ಹೋದೊಡನೆ, ಆರಿಸಿಟ್ಟ ಕಡ್ಡಿಗಳನ್ನು ಹಿಡಿಹಿಡಿಯಾಗಿ ಅದೇ ಚೀಲಕ್ಕೆ ಸುರಿದೆ.