ಸತ್ತ ರಾಜನಿಗೆ ಹಾರ

ಚೆಂಡುಹೂವಿನ ವಾಸನೆ ಬಂದರೆ ಇವತ್ತಿಗೂ ನನಗೆ ಹಲಗೆ ಮುರಿದ ಸದ್ದು ಕೇಳಿದಂತಾಗುತ್ತದೆ.

ಅವತ್ತು ಕೊಂಡ್ಲಹಳ್ಳಿಯಲ್ಲಿ ಹಿಂದಿನ ರಾತ್ರಿ ಶುರುವಾದ ನಾಟಕ ಬಿಸಿಲೇರಿದರೂ ಮುಗಿದಿರಲಿಲ್ಲ. ಪಾತ್ರಧಾರಿಗೆ ನೆಂಟರು ಹಾರ ಹಾಕುವುದು ನಮ್ಮ ಕಡೆಯ ಪದ್ಧತಿ. ಅವರು ರಂಗದ ಮೇಲೆ ಹತ್ತಿದಾಗಲೆಲ್ಲ ಆಟ ನಿಲ್ಲುತ್ತಿತ್ತು. ರಾಜನಾಗಿದ್ದ ನನ್ನ ಸೋದರಮಾವ ಕೊನೆಗೂ ಯುದ್ಧದಲ್ಲಿ ಸತ್ತು ಬಿದ್ದ. ಅಷ್ಟರಲ್ಲಿ ಅವನ ಹೆಂಡತಿಯ ಊರಿನವರು ಚೆಂಡುಹೂವಿನ ಹಾರ ಹಿಡಿದು ಗುಂಪಾಗಿ ಮೇಲೆ ಹತ್ತಿದರು.

“ಹತ್ತಬ್ಯಾಡ್ರಿ, ಹಲಗೆ ತಡಿಯಲ್ಲ!” ಎಂದು ಹಾರ್ಮೋನಿಯಂ ಮೇಷ್ಟ್ರು ಮೈಕಿನಲ್ಲಿ ಕೂಗಿದರು.

“ನಮ್ಮಳಿಯಂಗೆ ನಾವ್ ಹಾಕ್ದೆ ಇನ್ಯಾರ್ ಹಾಕ್ಬೇಕ್ರಿ?” ಎಂದ ಅವರಲ್ಲೊಬ್ಬ.

ಸತ್ತಿದ್ದ ಮಾವ ಎದ್ದು ಕುಳಿತು, ಕತ್ತು ಚಾಚಿ ಹಾರ ಹಾಕಿಸಿಕೊಂಡು, ಮತ್ತೆ ಸತ್ತು ಮಲಗಿದ. ಜನ ಬಿದ್ದು ಬಿದ್ದು ನಕ್ಕರು.

ಆಗಲೇ ಖಾಲಿ ಡ್ರಮ್ಮುಗಳ ಮೇಲೆ ಹಾಸಿದ್ದ ಹಲಗೆಗಳು ಮುರಿದು, ಎಲ್ಲರೂ ಮಾವನ ಮೇಲೆಯೇ ಉರುಳಿದರು. ಮಿಕ್ಕವರು ಮೈ ಕೊಡವಿಕೊಂಡು ಎದ್ದರು. ಮಾವ ಏಳಲಿಲ್ಲ.

“ಪಾರ್ಟು ಅಂದ್ರೆ ಹಿಂಗಿರ್ಬೇಕು ನೋಡ್ಲೇ!” ಎಂದು ಯಾರೋ ಸಿಳ್ಳೆ ಹೊಡೆದರು.

ಅವ್ವ ನನ್ನ ಕೈ ಬಿಟ್ಟು ಓಡಿಹೋಗಿ ಅವನ ಭುಜ ಹಿಡಿದು ಅಲುಗಾಡಿಸಿದಳು. “ಆಟ ಮುಗೀತು, ಏಳಣ್ಣಾ! ಏಳಣ್ಣಾ!”

ಹಿಂದೆ ಕೂತವರು ಅದನ್ನೂ ನಾಟಕವೆಂದುಕೊಂಡು “ಒನ್ಸ್ ಮೋರ್” ಎಂದು ಕೂಗಿದರು.