ಆ ಮಗು ಏನಾಯ್ತು ಹೇಳ್ರಿ...

ಈ ಕಥೆ ಓದಿ ನಿಮಗೆ ಸಿಟ್ಟು ಬಂದರೆ ಬರಲಿ... ನನಗಂತೂ ಇನ್ನೂ ಇಳಿದಿಲ್ಲ.

ದಾವಣಗೆರೆಯಲ್ಲಿ ಒಂದು ಓದುಗರ ಬಳಗ. ಡಾಕ್ಟರು, ವಕೀಲರು, ಬ್ಯಾಂಕಿನವರು... ಎಲ್ಲ ದೊಡ್ಡವರೇ. ಅಧ್ಯಕ್ಷರು ಊರಿನ ಹೆಸರಾಂತ ಟೈಲ್ಸ್ ವ್ಯಾಪಾರಿ.

ಬಳಗದ್ದೊಂದು ಪದ್ಧತಿ. ಒಂದೇ ಪುಸ್ತಕ, ಒಂದೇ ಪ್ರತಿ. ಒಬ್ಬರು ಓದಿ ಮುಗಿಸಿ ಇನ್ನೊಬ್ಬರ ಕೈಗೆ ಕೊಡಬೇಕು. ಕೊಡುವಾಗ ವಾಟ್ಸಾಪ್ ಗ್ರೂಪಿನಲ್ಲಿ ಅಭಿಪ್ರಾಯ ಹಾಕಬೇಕು.

ಅಭಿಪ್ರಾಯಗಳಿಗೇನು ಬರ! ‘ಅದ್ಭುತ’, ‘ಮಸ್ಟ್ ರೀಡ್’, ‘ಬದುಕೇ ಬದಲಾಯಿತು’... ಜೊತೆಗೆ ಕಾಫಿ ಲೋಟದ ಪಕ್ಕ ಪುಸ್ತಕ ಇಟ್ಟ ಫೋಟೋ ಬೇರೆ.

ಒಂದು ಭಾನುವಾರ ಆ ಬಳಗಕ್ಕೆ ಹೊಸಬರೊಬ್ಬರು ಬಂದರು. ಸರ್ವಮಂಗಳಮ್ಮ... ರಿಟೈರ್ ಆದ ಸ್ಕೂಲ್ ಟೀಚರ್. ಕೈಯಲ್ಲಿ ಭೂತಗನ್ನಡಿ.

"ನನ್ ಕಣ್ಣಿನ ನರ ಒಣಗ್ತಾ ಇದೆಯಂತ್ರಿ... ಓದೋದಿದ್ರೆ ಈಗ್ಲೇ ಓದ್ಕೊಳ್ಳಿ ಅಂದಾರೆ ಡಾಕ್ಟ್ರು. ಹೆಚ್ಚಂದ್ರೆ ಒಂದು ದೊಡ್ ಪುಸ್ತಕ ಓದಬಹುದೇನೋ. ಯಾವುದು ಓದ್ಲಿ, ನೀವೇ ಹೇಳ್ರಿ."

ಎಂಥ ಪ್ರಶ್ನೆ ನೋಡಿ! ಉತ್ತರ ಹೇಳುವ ಮೊದಲು ಯಾರಾದರೂ ಒಂದು ಗಳಿಗೆ ಯೋಚಿಸಬೇಕಲ್ಲವೇ?

ಅಧ್ಯಕ್ಷರು ಯೋಚಿಸಲೇ ಇಲ್ಲ. ಬಳಗದವರ ಕೈಯೆಲ್ಲ ಸುತ್ತಿ ಬಂದಿದ್ದ ದಪ್ಪ ಕಾದಂಬರಿಯೊಂದನ್ನು ಎತ್ತಿ ಅವರ ಮಡಿಲಿಗಿಟ್ಟರು.

"ಇದನ್ನ ಓದಿಲ್ಲ ಅಂದ್ರೆ ಏನ್ ಓದಿದಂಗಾಯ್ತು ಮೇಡಂ? ನಾನು ಎರಡು ಸಲ ಓದೀನಿ!"

"ನಾನಂತೂ ನಿದ್ದೆ ಬಿಟ್ಟು ಓದಿದೆ" ಎಂದರು ವಕೀಲರು. ಉಳಿದವರೆಲ್ಲ ಹೌದೌದು ಎಂದು ತಲೆಯಾಡಿಸಿದರು.

ಆಕೆ ನಂಬಿದರು... ನಂಬದೆ ಏನು ಮಾಡುತ್ತಾರೆ? ಅಷ್ಟು ಜನ ಓದಿದವರು ಹೇಳುತ್ತಿದ್ದಾರೆ.

ಮುಂದಿನ ಸಭೆಗೆ ಟೀಚರ್ ಬಂದಾಗ ತಂಗಿ ಕೈ ಹಿಡಿದು ಕರೆತಂದಿದ್ದರು. ಭೂತಗನ್ನಡಿ ಹಿಡಿದರೂ ಈಗ ದೊಡ್ಡ ಅಕ್ಷರ ಮಾತ್ರ ಕಾಣುತ್ತಿತ್ತು.

ಕುಳಿತ ಕೂಡಲೇ ಟೀಚರ್ ಕೇಳಿದರು. "ಆ ಬಾಣಂತಿ ಹಸುಗೂಸು ಎತ್ಕೊಂಡು ತುಂಬಿದ ಹೊಳೆಗೆ ದೋಣಿ ಹತ್ತತಾಳಲ್ಲ... ಆ ಮಗು ಏನಾಯ್ತು ಹೇಳ್ರಿ. ಬದುಕ್ತಾ?"



ವಕೀಲರು ಫೋನ್ ನೋಡತೊಡಗಿದರು. ಡಾಕ್ಟರಿಗೆ ಕೆಮ್ಮು ಬಂತು.

ಕೊನೆಗೆ ಅಧ್ಯಕ್ಷರೇ ಗಂಟಲು ಸರಿಮಾಡಿಕೊಂಡರು. "ಅದೂ... ಅದನ್ನ ಲೇಖಕರು ಓದುಗರ ಊಹೆಗೇ ಬಿಟ್ಟಾರೆ ಮೇಡಂ. ಅದೇ ಅದರ ಬ್ಯೂಟಿ!"

ಟೀಚರ್ ಪುಸ್ತಕ ಬಿಡಿಸಿ ಎಲ್ಲರ ಮುಂದೆ ಹಿಡಿದರು.

ದೋಣಿ ಹತ್ತಿದ ಮೇಲಿನ ಪುಟಗಳು ಖಾಲಿ. ಒಂದಾದ ಮೇಲೊಂದು, ಬರೀ ಬಿಳಿ ಹಾಳೆ. ಪ್ರೆಸ್ಸಿನವರ ತಪ್ಪು... ಆ ಪುಟಗಳಲ್ಲಿ ಒಂದು ಅಕ್ಷರವೂ ಅಚ್ಚಾಗಿರಲಿಲ್ಲ.

ಎಲ್ಲರ ಕೈ ದಾಟಿ ಬಂದ ಪುಸ್ತಕ! ಒಬ್ಬರಿಗೂ ಗೊತ್ತಿರಲಿಲ್ಲ.

"ಹಾಳೆ ತಿರುವಿದೆ... ಅಕ್ಷರ ಕಾಣ್ಲಿಲ್ಲ. ಇನ್ನೊಂದು ತಿರುವಿದೆ, ಅದ್ರಾಗೂ ಇಲ್ಲ. ಕಣ್ಣು ಪೂರ್ತಿ ಹೋಯ್ತು ಅಂದ್ಕೊಂಡೆ ಕಣ್ರಪ್ಪ. ಪುಸ್ತಕ ಎದೆಗವಚ್ಕೊಂಡು ಅತ್ತೆ. ನನ್ ತಂಗಿ ಬಂದು ನೋಡಿ, ‘ಅಕ್ಕಾ, ಇಲ್ಲಿ ಪ್ರಿಂಟೇ ಆಗಿಲ್ಲ’ ಅಂದ್ಲು..."

ಅಧ್ಯಕ್ಷರ ಮುಖದಲ್ಲಿ ನೆತ್ತರಿರಲಿಲ್ಲ. "ಸಾರಿ ಮೇಡಂ... ಬಿಜಿನೆಸ್ ಗಡಿಬಿಡಿ. ನಾಳೇನೇ ಹೊಸಾ ಕಾಪಿ ತರಿಸಿಕೊಡ್ತೀನಿ."

ಟೀಚರ್ ಎದ್ದು ನಿಂತರು.

"ಕಾಪಿ ತರಿಸ್ತೀರಿ. ಕಣ್ಣು ಎಲ್ಲಿಂದ ತರಿಸ್ತೀರಿ? ನಿಮ್ಮ ದೊಡ್ಡಸ್ತಿಕೆಗೆ ನನ್ ಕಣ್ಣೇ ಬೇಕಿತ್ತೇನ್ರಿ? ಓದಿಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಟೀಚರ್ ಆ ಪುಸ್ತಕವನ್ನು ಅಧ್ಯಕ್ಷರ ಮುಂದಿಟ್ಟರು.

"ಈಗ್ಲಾದ್ರೂ ಹೇಳ್ರಿ. ನೀವು ಮೊದಲಿಂದ ಕೊನೇವರೆಗೂ ಓದಿರೋ ಒಂದೇ ಒಂದು ಪುಸ್ತಕ... ಯಾವುದಾದ್ರೂ ಸರಿ."

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮೆಲ್ಲಗೆ ಎದ್ದಳು. ಮುಬೀನಾ... ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ.

"ಟೀಚರ್, ನಾನೂ ಅದನ್ನ ಓದಿಲ್ಲ. ಎಲ್ರೂ ಹೊಗಳಿದ್ರು ಅಂತ ಹೊಗಳಿದೆ, ತಪ್ಪಾಯ್ತು. ನಾನು ಓದಿರೋದು ಮಗಳ ಪುಸ್ತಕ... ಒಂದು ಕತ್ತೆ ಕಥೆ. ಅಕ್ಷರಾನೂ ದೊಡ್ಡವು. ದಿನಾ ಅವಳಿಗೆ ಓದಿ ಹೇಳ್ತೀನಿ. ಒಂದು ಜಾಗ ಬಂದ್ರೆ ಪ್ರತಿ ಸಲಾನೂ ಗಂಟಲು ಕಟ್ಟತೈತಿ... ಎಲ್ಲಿ ಅಂತ ಹೇಳಲ್ಲ."

ಯಾರೋ ಕಿಸಕ್ಕೆಂದರು. ಅಷ್ಟೆಲ್ಲ ಆದ ಮೇಲೂ ನಗು ಬರುತ್ತದೆ ಕೆಲವರಿಗೆ!

ಟೀಚರ್ ನಗಲಿಲ್ಲ. "ಅದನ್ನ ಕೊಡಮ್ಮ" ಎಂದು ಕೈ ಚಾಚಿದರು.

ಕೆಲವು ದಿನ ಕಳೆದವು. ಬಳಗದ ಗ್ರೂಪಿನಲ್ಲಿ ಹೊಸ ಪುಸ್ತಕದ ಫೋಟೋ ಬಂತು. ಕೆಳಗೆ ಅಧ್ಯಕ್ಷರದೇ ಮೊದಲ ಅಭಿಪ್ರಾಯ... ‘ಮಸ್ಟ್ ರೀಡ್’. ನಾಚಿಕೆ ಎನ್ನುವುದನ್ನು ಇವರು ಎಲ್ಲಿ ಮಾರಿಕೊಂಡರೋ!

ಅದೇ ಸಂಜೆ ಮುಬೀನಾಗೆ ಒಂದು ಫೋನ್ ಬಂತು.

"ಮುಗೀತಮ್ಮ... ಒಂದೊಂದೇ ಅಕ್ಷರ ಕೂಡಿಸಿ ನಾನೇ ಓದಿದೆ. ಇನ್ನು ಆಗಲ್ಲ, ಇದೇ ಕೊನೇದು. ಕತ್ತೇನ ಸಂತೇಲಿ ಮಾರಿ ಬಂದ್ಮೇಲೂ ಆವಯ್ಯ ಹಳೇ ರೂಢಿ ಮೇಲೆ ತೊಟ್ಟಿಗೆ ನೀರು ತುಂಬಿಸ್ತಾನಲ್ಲ... ನಿಂಗೆ ಗಂಟಲು ಕಟ್ಟೋದು ಅಲ್ಲೇ ಅಲ್ವೇನಮ್ಮ?"

ಫೋನಿನ ಎರಡೂ ಕಡೆ ಅಳುವಿನ ಸದ್ದೊಂದೇ ಕೇಳುತ್ತಿತ್ತು.

ಓದದೆ ಹೊಗಳಿದ ಪ್ರತಿ ಪುಸ್ತಕವೂ ಇನ್ನೊಬ್ಬರ ಕಣ್ಣಿನಿಂದ ಕದ್ದ ಬೆಳಕು.

ಈಗ ಎದೆ ಮುಟ್ಟಿಕೊಂಡು ಹೇಳಿ... ನೀವು ಮೊನ್ನೆ ಯಾರಿಗೋ ‘ಇದನ್ನು ಓದಲೇಬೇಕು’ ಎಂದಿರಲ್ಲ, ಆ ಪುಸ್ತಕವನ್ನು ನೀವು ಓದಿ ಮುಗಿಸಿದ್ದಿರಾ?