ಎಡಮಂಡಿ

"ಎಡಗಾಲೊಂದರಲ್ಲೇ ನಿಂತ್ಕೊ ನೋಡಣ," ಎಂದರು ಆಶಾರಾಣಿ.

ಬಾಗಲಗುಂಟೆಯ ಮೈದಾನದಲ್ಲಿ ಸುಮಂಗಲಾ ಆಗಷ್ಟೇ ಒಂದೇ ರೈಡಿನಲ್ಲಿ ಮೂವರನ್ನು ಔಟ್ ಮಾಡಿ ಬಂದಿದ್ದಳು. ಕಾಲೇಜು ಕಬಡ್ಡಿಯಿಂದ ವೃತ್ತಿಪರ ತಂಡಕ್ಕೆ ಆಟಗಾರ್ತಿಯರನ್ನು ಆರಿಸಲು ಬಂದಿದ್ದ ಆಶಾರಾಣಿ ಮಾತ್ರ ಚಪ್ಪಾಳೆ ತಟ್ಟದೆ ಅವಳ ಕಾಲನ್ನೇ ನೋಡುತ್ತ ಕುಳಿತಿದ್ದರು. ಎಡಮಂಡಿ ನೋಯುತ್ತಿರುವುದನ್ನು ಅವಳು ಅವ್ವನಿಗೂ ಹೇಳಿರಲಿಲ್ಲ.

ಬಲಗಾಲು ಎತ್ತಿ ನಿಂತಳು. ಆಶಾರಾಣಿ ಮೆಲ್ಲಗೆ ಎಣಿಸತೊಡಗಿದರು. ಐದಕ್ಕೆ ಮಂಡಿ ನಡುಗಿತು. ಏಳಕ್ಕೆ ಕಣ್ಣು ಕತ್ತಲಿಟ್ಟಿತು. ಹಲ್ಲು ಕಚ್ಚಿ ಹಿಡಿದಳು. ಎಂಟಕ್ಕೆ ಅವರೇ ಎಣಿಸುವುದನ್ನು ನಿಲ್ಲಿಸಿದರು.

"ನೋವಿದ್ಯಾ?"

"ಇಲ್ರಿ ಮೇಡಂ. ಏನೂ ಇಲ್ರಿ."

"ನಾನೂ ಹಿಂಗೇ ಅಂದಿದ್ದೆ ಕಣಮ್ಮ. ನಂಬಿ ತಗೊಂಡ್ರು. ಆಡಿದ್ದು ನಾಲ್ಕೇ ಮ್ಯಾಚು."

ಆಶಾರಾಣಿ ಎರಡೂ ಕೈಗಳನ್ನು ಕುರ್ಚಿಗೆ ಊರಿ ಎದ್ದರು. ಅವರ ಎಡಗಾಲು ಮಡಚಲಿಲ್ಲ; ಅದನ್ನು ನೆಲದ ಮೇಲೆ ಎಳೆಯುತ್ತ ಹೆಜ್ಜೆ ಇಟ್ಟರು. ಆಯ್ಕೆಯಾಗದಿದ್ದರೆ ಏನು ಗತಿ ಎಂದು ಬೆಳಗಿನಿಂದ ಹೆದರಿದ್ದ ಸುಮಂಗಲಾಳಿಗೆ, ಈಗ ಆಯ್ಕೆಯಾಗಿಬಿಟ್ಟರೆ ಏನು ಗತಿ ಎಂದು ಭಯವಾಯಿತು.

"ಮೇಡಂ," ಎಂದಳು, "ಎರಡು ತಿಂಗಳಾತ್ರಿ. ಭಾಳ ನೋವೈತ್ರಿ."